ಬಾಹ್ಯಾಕಾಶದಲ್ಲಿ ಅರ್ಥಿಂಗ್ ಗುಂಡಿ ಎಲ್ಲಿ?
ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಎಲೆಕ್ಟ್ರಿಷಿಯನ್ ಅರ್ಥಿಂಗ್ ಗುಂಡಿ ಎಲ್ಲಿ ತೋಡುತ್ತಾನೆ ಅಂತ ಕೇಳಿದ್ದೀರಿ. ಓದಿ ಜೋರಾಗಿ ನಕ್ಕೆ. ಆದರೆ ಪ್ರಶ್ನೆ ನಿಜಕ್ಕೂ ಚೆನ್ನಾಗಿದೆ!

ನಮ್ಮ ಹಿತ್ತಲಲ್ಲಾದರೆ ಉಪ್ಪು, ಇದ್ದಿಲು ಸುರಿದು ಪೈಪು ಹೂಳುತ್ತೇವೆ. ಅಲ್ಲಿ ಮಣ್ಣೇ ಇಲ್ವಲ್ಲ, ಹಾಗಾಗಿ ನಿಲ್ದಾಣದ ಲೋಹದ ಮೈಯೇ ಅರ್ಥ್. ಸೋಲಾರ್ ಫಲಕಗಳು ಕೊಡೋದು ಸುಮಾರು 160 ವೋಲ್ಟ್ ಡಿಸಿ. ಅದರ ನೆಗೆಟಿವ್ ಕಡೆಯನ್ನು ಈ ಮೈಗೇ ಜೋಡಿಸಿದ್ದಾರೆ.

ಆದರೆ ತೊಂದರೆ ಇಲ್ಲೇ ಶುರು. ಸುತ್ತಲಿನ ಪ್ಲಾಸ್ಮಾದಿಂದ, ಅಂದರೆ ವಿದ್ಯುತ್ ಕಣಗಳಾಗಿ ಒಡೆದ ಅನಿಲದಿಂದ, ಎಲೆಕ್ಟ್ರಾನ್‌ಗಳು ಬಂದು ಸೇರಿ, ಮೈ ಜಾಸ್ತಿ ನೆಗೆಟಿವ್ ಆಗುತ್ತದೆ. ಕಿಡಿ ಹಾರಬಹುದು. ಹೊರಗೆ ಸ್ಪ್ಯಾನರ್ ಹಿಡಿದು ನಿಂತ ಗಗನಯಾತ್ರಿಗೆ ಶಾಕ್ ಹೊಡೆಯುವ ಭಯ ಬೇರೆ. ಅದಕ್ಕೇ 2000ರಲ್ಲಿ ಎರಡು ಸಾಧನ ಕೂರಿಸಿದರು. ಅವು ಕ್ಸೆನಾನ್ ಅನಿಲದ ಪ್ಲಾಸ್ಮಾ ಉಗುಳಿ, ಹೆಚ್ಚಾದ ಎಲೆಕ್ಟ್ರಾನ್‌ಗಳನ್ನು ಆಚೆ ಕಳಿಸುತ್ತವೆ. ನೀವು ಕೇಳಿದ ಗುಂಡಿ ಅದೇ ನೋಡಿ!