ಏಳು ಸಂಕಲ್ಪ ಬೇಡ, ಅರ್ಧ ಗ್ಲಾಸ್ ಚಹಾ ಸಾಕು

ಪ್ರಶ್ನೆ: ಅಕ್ಕಾ, ನನಗೆ 38 ವರ್ಷ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಬಟ್ಟೆ ಅಂಗಡಿ ಇದೆ. ಮಲಗುವಾಗ ರಾತ್ರಿ ಹನ್ನೆರಡು ದಾಟುತ್ತೆ. ದಿನಕ್ಕೆ ಎಂಟು ಚಹಾ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಟೆಸ್ಟ್ (HbA1c) 6.1 ಬಂತು, ಹೀಗೇ ಇದ್ದರೆ ಶುಗರ್ ಬರುತ್ತೆ ಅಂದರು ಡಾಕ್ಟರ್. ಯುಗಾದಿಗೆ ಏಳು ಸಂಕಲ್ಪ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ 5ಕ್ಕೆ ಏಳೋದು, ಅಪ್ಪನ ಕೆರೆ ಸುತ್ತ ವಾಕಿಂಗ್, ಚಹಾ ಬಂದ್, ಮಿರ್ಚಿ ಬಂದ್, ಹೀಗೆ. ಒಂಬತ್ತನೇ ದಿನಕ್ಕೆ ಎಲ್ಲ ಮುಗೀತು. ಪ್ರತಿ ವರ್ಷ ಇದೇ ಕಥೆ. ಹೆಂಡತಿ "ಈ ಸಲ ಎಷ್ಟ್ ದಿನಾ ರೀ?" ಅಂದರೆ ಮುಖ ಎತ್ತಲು ಆಗಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?

ಉತ್ತರ: ತಮ್ಮಾ, ಅಕ್ಕಾ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ. ಮೊದಲು ಆ ಚೀಟಿ ಗೋಡೆಯಿಂದ ಕಿತ್ತು ಹಾಕು.

ಕೊರತೆ ನಿನ್ನಲ್ಲಿಲ್ಲ. ಹನ್ನೆರಡಕ್ಕೆ ಮಲಗೋನು ಎಂಟು ದಿನ 5ಕ್ಕೆ ಎದ್ದದ್ದೇ ದೊಡ್ಡದು. ನಾನು ಜೋಳದ ರೊಟ್ಟಿ ಕಲಿಯುವಾಗ ಮೊದಲ ದಿನವೇ ತಾಟಿನಗಲ ಬಡಿಯಲು ಹೋದೆ. ಅಂಚೆಲ್ಲ ಸೀಳಿ, ಹಂಚಿಗೆ ಹಾಕುವಾಗ ನಡುವೆ ಹರಿದು ಬಿತ್ತು. ಅವ್ವ ಬೈಲಿಲ್ಲ. ನಿಂಬೆಹಣ್ಣಿನಷ್ಟು ಹಿಟ್ಟು ಕೈಗಿಟ್ಟು "ಅಂಗೈಯಷ್ಟ ಬಡಿ" ಅಂದಳು. ಒಂದು ವಾರ ಮನೆಯವರೆಲ್ಲ ಆ ಪುಟ್ಟ ರೊಟ್ಟಿಯನ್ನೇ ತಿಂದರು. ನೀನೂ ಈಗ ಅಷ್ಟೇ ಬಡಿಯಬೇಕು.

ಚಹಾ ಬಂದ್ ಅನ್ನೋದು ಬಟ್ಟೆ ಅಂಗಡಿಯಲ್ಲಿ ಆಗದ ಮಾತು. ಮದುವೆ ಜವಳಿಗೆ ಅಂತ ಹಳ್ಳಿಯಿಂದ ಹತ್ತು ಜನ ಬಂದು ಕೂತಿರುತ್ತಾರೆ, ಸೀರೆ ಬಿಚ್ಚಿ ಹಾಸುತ್ತಾ ಹಾಸುತ್ತಾ ಚಹಾ ತರಿಸಲೇಬೇಕು, ಅವರು ಕುಡಿಯುವಾಗ ನೀನು ಸುಮ್ನೆ ಕೂತರೆ ಅವರಿಗೂ ಸರಿ ಅನಿಸಲ್ಲ. ಹೋಟೆಲ್ ಚಹಾಕ್ಕೆ ಸಕ್ಕರೆ ಮೊದಲೇ ಬಿದ್ದಿರುತ್ತೆ, ತೆಗೆಯಲು ಬರಲ್ಲ. ಅದಕ್ಕೆ ಅಳತೆ ಹಿಡಿ. ಸಂಜೆ ನಾಲ್ಕರ ಚಹಾ ಒಂದನ್ನ ಅಂಗಡಿ ಹುಡುಗನ ಜೊತೆ ಬೈ ಟೂ ಮಾಡು. ಉಳಿದ ಏಳು ಹಾಗೇ ಇರಲಿ. ಮಿರ್ಚಿನೂ ಇರಲಿ. ಇಷ್ಟೇನಾ ಅನಿಸುತ್ತೆ, ಅಲ್ವಾ? ಹೌದು, ಇಷ್ಟೇ. ನಾಲ್ಕು ಗಂಟೆಗೆ ನೀನು ಕೇಳೋ ಮೊದಲೇ ಹುಡುಗ ಎರಡು ಗ್ಲಾಸ್ ಇಡೋ ಹಾಗಾದ ಮೇಲೆ ಹನ್ನೊಂದರ ಚಹಾಕ್ಕೆ ಕೈ ಹಾಕು. ಆಮೇಲೆ ಮನೆಯ ಬೆಳಗಿನ ಚಹಾದಲ್ಲಿ ಅರ್ಧ ಚಮಚ ಸಕ್ಕರೆ ಕಡಿಮೆ.

21 ದಿನದಲ್ಲಿ ರೂಢಿಯಾಗುತ್ತೆ ಅನ್ನೋ ಮಾತು ನಂಬಬೇಡ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು 96 ಜನರಿಗೆ ತಲಾ ಒಂದೊಂದೇ ಹೊಸ ಅಭ್ಯಾಸ ಹಿಡಿಸಿ ನೋಡಿ 2009ರಲ್ಲಿ ಪ್ರಕಟಿಸಿದರು. ರೂಢಿಯಾಗಲು ಸುಮಾರು 66 ದಿನ ಹಿಡಿಯುತ್ತೆ ಅಂತ ಲೆಕ್ಕ ಬಂತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು. ನನಗೆ ಅದರಲ್ಲಿ ಮುಖ್ಯ ಅನಿಸಿದ್ದು ಬೇರೆ. ನಡುವೆ ಒಂದು ದಿನ ತಪ್ಪಿದರೆ ಮಾಡಿದ್ದೆಲ್ಲ ನೀರುಪಾಲಾಗಲಿಲ್ಲ. ನೀನು ಮಾತ್ರ ಒಂಬತ್ತನೇ ದಿನ ತಪ್ಪಿದ್ದಕ್ಕೆ ಇಡೀ ವರ್ಷವನ್ನೇ ಕೈಬಿಟ್ಟೆ! ತಪ್ಪಿದರೆ ಸೋಮವಾರಕ್ಕೆ, ಮುಂದಿನ ಯುಗಾದಿಗೆ ಕಾಯಬೇಡ. ಮರುದಿನದ ನಾಲ್ಕು ಗಂಟೆ ಇದೆಯಲ್ಲ.

ಚಹಾ ಹಿಡಿತಕ್ಕೆ ಬಂದ ಮೇಲೆ ನಡಿಗೆ. ಕೆರೆವರೆಗೆ ಹೋಗೋದು ಬೇಡ. ರಾತ್ರಿ ಊಟ ಮಾಡಿ ಕೈ ತೊಳೆದ ಕೂಡಲೇ ಚಪ್ಪಲಿ ಮೆಟ್ಟಿ ಓಣಿ ತುದಿವರೆಗೆ ಹೋಗಿ ಬಾ. ಉಂಡ ಮೇಲೆ ನಾಲ್ಕು ಹೆಜ್ಜೆ ನಡೆದರೆ ಸಕ್ಕರೆ ಅಷ್ಟೊಂದು ಏರಲ್ಲ. ನಮ್ಮ ಬೇಸಿಗೆಯಲ್ಲಿ ಹಗಲು 40 ಡಿಗ್ರಿ ದಾಟುತ್ತೆ, ರಾತ್ರಿಯೇ ಒಳ್ಳೇದು. ಹೋಗುವಾಗ "ಬರ್ತೀಯಾ?" ಅಂತ ಹೆಂಡತಿಯನ್ನ ಒಂದು ಮಾತು ಕೇಳು. "ಎಷ್ಟ್ ದಿನಾ ರೀ" ಅನ್ನೋದರಲ್ಲಿ ಹೀಯಾಳಿಕೆಗಿಂತ ಭಯವೇ ಜಾಸ್ತಿ ಇರಬಹುದು, ತಮ್ಮಾ. 6.1 ನೋಡಿ ಅವಳಿಗೂ ನಿದ್ದೆ ಬಂದಿರಲಿಕ್ಕಿಲ್ಲ.

6.5 ಮುಟ್ಟಿದರೆ ಶುಗರ್ ಅಂತಾರೆ. ನೀನಿನ್ನೂ ಈಚೆ ಇದ್ದೀಯ. ಡಾಕ್ಟರ್ ಹತ್ತಿರ ಹೋಗೋದು ಬಿಡಬೇಡ, ಬಾಯಾರಿಕೆ, ಮೂತ್ರ ಜಾಸ್ತಿಯಾದರೆ ತಡಮಾಡಬೇಡ. ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸು. ನಂಬರ್ ಎಷ್ಟೇ ಬರಲಿ, ನನಗೊಂದು ಸಾಲು ಬರಿ.