ಹಾಡಿನ ಪುಸ್ತಕದೊಳಗೆ ಉಳಿದ ಚೀಟಿ

ಈ ವಾರದ ಪತ್ರಗಳಲ್ಲಿ ಅತ್ತೆ-ಸೊಸೆಯರದ್ದು ಎರಡು, ಆಸ್ತಿ ಪಾಲಿನದ್ದು ಒಂದು, ಮದುವೆಯೇ ಬೇಡವೆನ್ನುವ ಮಗಳ ತಾಯಿಯದ್ದು ಒಂದು. ಅವರೆಲ್ಲ ಒಂದು ವಾರ ಕಾಯಬೇಕು. ಇವತ್ತಿನ ಜಾಗವೆಲ್ಲ ಒಂದೇ ಪತ್ರಕ್ಕೆ. ಅದನ್ನು ಓದಿ ಮುಗಿಸಿದವಳು ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ.

ಬರೆದವರಿಗೆ ಐವತ್ತೆರಡು ವರ್ಷ. ಹದಿನಾರರ ಪ್ರಾಯದಿಂದ ಚರ್ಚಿನ ಗಾಯನ ತಂಡದಲ್ಲಿದ್ದಾರೆ. ಗಂಡ ಸಭೆಯ, ಅಂದರೆ ಆ ಚರ್ಚಿಗೆ ಸೇರಿದ ಭಕ್ತರ, ಸಮಿತಿಯ ಖಜಾಂಚಿ. ಪಾಸ್ಟರ್ ಬಂದು ಏಳು ವರ್ಷವಾಯಿತು. ಒಳ್ಳೆಯವರು, ಇವರ ತಾಯಿ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ರಾತ್ರಿ ಬೆಳಗಾಗುವವರೆಗೆ ಹಾಸಿಗೆಯ ಪಕ್ಕ ಕೂತಿದ್ದವರು. ಚುನಾವಣೆ ಹತ್ತಿರ ಬಂದಂತೆ ಅವರ ಪ್ರಸಂಗದ, ಅಂದರೆ ಭಾನುವಾರದ ಪ್ರವಚನದ, ದಾರಿ ಬದಲಾಗಿದೆ. ಮೊದಮೊದಲು ‘ಕೆಲವರು’ ಅನ್ನುತ್ತಿದ್ದರು. ಆಮೇಲೆ ‘ಆ ಪಕ್ಷದವರು’ ಅಂದರು. ಈಗ ಪಕ್ಷದ ಹೆಸರು, ನಾಯಕರ ಹೆಸರು, ಚಿಹ್ನೆ ಎಲ್ಲ ಪೀಠದ ಮೇಲಿಂದಲೇ. ಒಂದು ಭಾನುವಾರ ಅಭ್ಯರ್ಥಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹೋದ ಭಾನುವಾರ, ‘ಇವರನ್ನು ಬಿಟ್ಟು ಬೇರೆಯವರಿಗೆ ಮತ ಹಾಕಿದವರು ದೇವರ ಕೋಪಕ್ಕೆ ಗುರಿಯಾಗುತ್ತೀರಿ’ ಎಂದುಬಿಟ್ಟರು.

ಗಂಡನಿಗೆ ಹೇಳಿದರೆ, ‘ನಿನಗ್ಯಾಕೆ ಊರ ಉಸಾಬರಿ? ಹಾಡೋದು ನಿನ್ನ ಕೆಲಸ, ಹಾಡು’ ಎನ್ನುತ್ತಾರೆ. ಇಪ್ಪತ್ಮೂರು ವರ್ಷದ ಮಗ, ‘ನಿಮ್ಮ ಪಾರ್ಟಿ ಆಫೀಸಿಗೆ ನಾನು ಬರಲ್ಲ’ ಅಂತ ಭಾನುವಾರ ಮುಸುಕು ಹಾಕಿ ಮಲಗುತ್ತಾನೆ. ಇದರಲ್ಲೊಂದು ಸ್ವಾರಸ್ಯವಿದೆ: ಈಕೆಯೂ ಮೊದಲಿನಿಂದ ಅದೇ ಪಕ್ಷಕ್ಕೇ ವೋಟು ಹಾಕುವವರು. ‘ನಾನು ಒಪ್ಪುವುದನ್ನೇ ಹೇಳುತ್ತಾರೆ, ಆದರೂ ಕೇಳುವಾಗ ಮುಖ ಬಿಸಿಯಾಗುತ್ತದೆ. ಸಭೆ ಬಿಡಲೇ? ಎದ್ದು ನಿಂತು ಕೇಳಲೇ? ಬಿಷಪ್ಪರಿಗೆ ಬರೆಯಲೇ?’

ಮೂರು ಪ್ರಶ್ನೆ ಕೇಳಿದ್ದೀರಿ, ತಾಯಿ. ಮೂರಕ್ಕೂ ಉತ್ತರ: ಸದ್ಯಕ್ಕೆ ಬೇಡ. ನನ್ನ ನಿದ್ದೆ ಕೆಡಿಸಿದ್ದು ಆ ಪ್ರಶ್ನೆಗಳಲ್ಲ. ಮೂರನೇ ಪುಟದ ಕೊನೆಯಲ್ಲಿ, ಮಗನ ವಿಷಯ ಮುಗಿಸಿ ವಂದನೆ ಹೇಳುವ ಮುಂಚೆ, ನೀವು ಹೀಗೆ ಬರೆದಿದ್ದೀರಿ: ‘ಪ್ರಾರ್ಥನೆಯಲ್ಲಿ ಓದುವ ಕಾಯಿಲೆಯವರ ಹೆಸರಿನ ಪಟ್ಟಿ ಪ್ರತಿ ಶನಿವಾರ ನಾನೇ ಬರೆಯುವುದು. ಪ್ರಸಂಗ ಉದ್ದವಾಗುವುದರಿಂದ ನಾಲ್ಕು ವಾರದಿಂದ ಓದಲು ಸಮಯವಾಗಿಲ್ಲ. ಚೀಟಿ ಹಾಡಿನ ಪುಸ್ತಕದಲ್ಲೇ ಉಳಿಯುತ್ತಿದೆ (ಅದರಲ್ಲಿ ಒಬ್ಬರು ಈಗ ಇಲ್ಲ).’

ನಾಲ್ಕೇ ನಾಲ್ಕು ಪದ, ಅದೂ ಆವರಣದೊಳಗೆ. ಪಕ್ಷ, ಚಿಹ್ನೆ, ಅಭ್ಯರ್ಥಿ ಅಂತ ಎರಡೂವರೆ ಪುಟ ಬರೆದವರು, ಹೆಸರು ಕೂಗಿಸಿಕೊಳ್ಳದೆ ಹೋದ ಒಂದು ಜೀವವನ್ನು ಚೀಟಿಯ ಹಾಗೆ ಮಡಚಿ ಆವರಣದಲ್ಲಿ ಇಟ್ಟಿದ್ದೀರಲ್ಲ! ನಿಮ್ಮ ಮುಖ ಬಿಸಿಯಾಗುತ್ತಿರುವುದು ಯಾಕೆಂದು ಇನ್ನೂ ಕೇಳಬೇಕೆ?

ನಾನು ನಿಮ್ಮ ಸಭೆಯವಳಲ್ಲ, ಆದರೆ ನಿಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ಓದಿದ್ದೇನೆ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಬಂದು ಅವನಿಗಾಗಿ ಪ್ರಾರ್ಥಿಸಲಿ ಎಂದಿದೆ ಅಲ್ಲಿ. ಆಳುವವರಿಗಾಗಿಯೂ ಪ್ರಾರ್ಥಿಸಿ ಅಂತ ಇನ್ನೊಂದು ಕಡೆ ಇದೆ, ಇಲ್ಲವೆನ್ನುವುದಿಲ್ಲ. ಆಳುವವರೆಲ್ಲರಿಗಾಗಿ. ನಾಳೆ ಆಳಬೇಕೆಂದು ಟಿಕೆಟ್ ತಂದಿರುವ ಒಬ್ಬನಿಗಾಗಿ ಮಾತ್ರವಲ್ಲ.

ಈಗ ಪಾಸ್ಟರ್ ಬಗ್ಗೆ. ಅವರ ಮೇಲೆ ನನಗೆ ನೀವು ಅಂದುಕೊಂಡಷ್ಟು ಸಿಟ್ಟಿಲ್ಲ. ಈ ಅಂಕಣ ಓದುವವರಿಗೆ ಗೊತ್ತು, ಮೈಕಿನ ಬಗ್ಗೆ ನನ್ನದೊಂದು ಹಳೇ ತಕರಾರು. ಮೈಕು ಹಿಡಿದವನು ಹೇಳಿದ ಹೊತ್ತಿಗೆ ಇಳಿಸಿದ್ದನ್ನು ನಾನಿನ್ನೂ ನೋಡಬೇಕು. ಪ್ರಸಂಗ ಪೀಠವೆಂದರೆ ಮೈಕಿನ ತಾತ. ಅಲ್ಲಿ ನಿಂತವರಿಗೆ ಎದುರು ಮಾತಿಲ್ಲ, ಮಧ್ಯೆ ಕೈ ಎತ್ತುವವರಿಲ್ಲ, ಕೆಳಗಿರುವವರು ಕಣ್ಣು ಮುಚ್ಚಿ ‘ಆಮೆನ್’ ಅನ್ನುವವರು. ಏಳು ವರ್ಷ ಹಾಗೆ ನಿಂತರೆ ತಾನು ಹೇಳಿದ್ದು ಯಾವುದು, ದೇವರು ಹೇಳಿದ್ದು ಯಾವುದು ಎಂಬ ಗೆರೆ ಯಾರಿಗಾದರೂ ಮಸುಕಾಗುತ್ತದೆ. ಈ ಕಾಯಿಲೆ ನಿಮ್ಮ ಧರ್ಮಕ್ಕೆ ಮಾತ್ರ ತಗಲಿದ್ದಲ್ಲ. ಉತ್ತರ ಕೊಡಲಾಗದ ಜಾಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದೆ. ನಿಮ್ಮ ಮುಖ ಬಿಸಿಯಾದದ್ದಕ್ಕೂ ಇದೇ ಕಾರಣ. ನಿಮಗೆ ಒಪ್ಪಿಗೆಯಿದೆ, ಸರಿ. ಹಿಂದಿನ ಬೆಂಚಿನಲ್ಲಿ ಒಪ್ಪಿಗೆಯಿಲ್ಲದೆ ಕೂತವರು ಬಾಯಿ ಬಿಡುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಅವರ ಪರವಾಗಿ ನಾಚಿಕೊಂಡಿದ್ದೀರಿ. ಅದು ಒಳ್ಳೆಯ ಲಕ್ಷಣ.

‘ಪ್ರವಾದಿಗಳು ರಾಜಕೀಯ ಮಾತಾಡಲಿಲ್ಲವೇ?’ ಎಂದು ಪಾಸ್ಟರ್ ಕೇಳುತ್ತಾರಂತೆ. ಧಾರಾಳವಾಗಿ ಮಾತಾಡಿದರು. ಆದರೆ ಯಾರ ಎದುರು? ತನ್ನ ಸೈನಿಕ ಊರೀಯನ ಹೆಂಡತಿಯನ್ನು ಇಟ್ಟುಕೊಂಡು, ಅವನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ ರಾಜ ದಾವೀದನ ಬಳಿಗೆ ಪ್ರವಾದಿ ನಾತಾನ ನೇರ ಹೋದ. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿದ. ರಾಜನಿಗೆ ರೇಗಿತು. ಆಗ, ಆ ಮನುಷ್ಯ ನೀನೇ ಅಂದ. ಅಧಿಕಾರದಲ್ಲಿದ್ದವನ ಮುಖಕ್ಕೆ, ಅದೂ ತನ್ನ ಕಡೆಯ ರಾಜನ ಮುಖಕ್ಕೆ ಹೇಳಿದ ಮಾತದು. ನಿಮ್ಮ ಪಾಸ್ಟರ್ ಅಭ್ಯರ್ಥಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ ದಿನ ಅವನಿಗೊಂದು ಕುರಿಮರಿಯ ಕಥೆ ಹೇಳಿದ್ದರೆ ನಾನೂ ಎದ್ದು ಚಪ್ಪಾಳೆ ತಟ್ಟುತ್ತಿದ್ದೆ.

ಪೀಠದಿಂದ ನ್ಯಾಯದ ಮಾತು ಬರಲೇಬಾರದು ಅನ್ನುವವಳಲ್ಲ ನಾನು. ಕೂಲಿ ಕೊಡದ ಧಣಿ, ಲಂಚ ತಿನ್ನುವ ಅಧಿಕಾರಿ, ಹಸಿದ ಮಗು, ಇವೆಲ್ಲ ಪ್ರಸಂಗದ ವಸ್ತುವೇ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ವರ್ಣಭೇದದ ವಿರುದ್ಧ ಬದುಕಿಡೀ ಗುಡುಗಿದರು, 1984ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. 1990ರಲ್ಲಿ ಮಂಡೇಲಾ ಬಿಡುಗಡೆಯಾಗಿ, ಪಕ್ಷಗಳ ಮೇಲಿನ ನಿಷೇಧ ಹೋದ ಮೇಲೆ ಅದೇ ಟುಟು ತಮ್ಮ ಪಾದ್ರಿಗಳಿಗೆ ಯಾವ ಪಕ್ಷದ ಸದಸ್ಯತ್ವವೂ ಕೂಡದು ಎಂದರು. ಗೆದ್ದ ಪಕ್ಷದ ಗೆಳೆಯನಾಗಿ ಆರಾಮವಾಗಿ ಇರಬಹುದಿತ್ತಲ್ಲ? ಇರಲಿಲ್ಲ. 1994ರಲ್ಲಿ ಮಂಡೇಲಾ ಸರ್ಕಾರ ಬಂದಾಗ ಅದರ ಮಂತ್ರಿ-ಸಂಸದರ ದುಬಾರಿ ಸಂಬಳವನ್ನು ಬಹಿರಂಗವಾಗಿ ಚುಚ್ಚಿದರು. ಜೇಬಿನಲ್ಲಿ ಪಕ್ಷದ ಚೀಟಿ ಇದ್ದಿದ್ದರೆ ಆ ಮಾತಿಗೆ ಬಾಯಿ ಏಳುತ್ತಿತ್ತೇ?

ಪಾಸ್ಟರನ್ನು ಇಲ್ಲಿಗೆ ಬಿಡೋಣ. ನನ್ನ ಸಿಟ್ಟಿರುವುದು ಖಜಾಂಚಿಗಳ ಮೇಲೆ. ಹೌದು, ನಿಮ್ಮ ಯಜಮಾನರ ಮೇಲೆಯೇ.

‘ಹಾಡೋದು ನಿನ್ನ ಕೆಲಸ’ ಎಂದವರಿಗೆ ಅವರ ಕೆಲಸ ಏನೆಂದು ಗೊತ್ತಿದೆಯೇ? ಭಾರತದಲ್ಲಿ 1988ರಿಂದ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಎಂಬುದೊಂದಿದೆ. ಪೂಜಾಸ್ಥಳದ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದಷ್ಟೇ ಅಲ್ಲ, ಬಳಸಲು ಬಿಡುವುದೂ ಅಪರಾಧ. ಸಂಸ್ಥೆಯ ಹಣವನ್ನು ಪಕ್ಷದ ಲಾಭಕ್ಕೆ ಮುಟ್ಟುವಂತಿಲ್ಲ. ಶಿಕ್ಷೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಅದು ಹಿಡಿಯುವುದು ಪೀಠದ ಮೇಲೆ ನಿಂತವರನ್ನು ಮಾತ್ರವಲ್ಲ, ಸಂಸ್ಥೆಯ ಆಡಳಿತ ನೋಡಿಕೊಳ್ಳುವವರನ್ನೂ. ಕಾಣಿಕೆ ಎಣಿಸಿ ರಿಜಿಸ್ಟರಿಗೆ ಸಹಿ ಹಾಕುವವರು ಇದನ್ನು ಒಮ್ಮೆ ಓದಿಕೊಳ್ಳುವುದು ಕ್ಷೇಮ. ಅಭ್ಯರ್ಥಿಯನ್ನು ಬಾಗಿಲಲ್ಲಿ ಎದುರುಗೊಂಡವರು ಸಮಿತಿಯವರೇ ಎಂದು ನೀವೇ ಬರೆದಿದ್ದೀರಿ. ಕೈಕುಲುಕಿದವರಲ್ಲಿ ಖಜಾಂಚಿ ಇದ್ದರೋ ಇಲ್ಲವೋ ಬರೆದಿಲ್ಲ. ಬರೆಯದಿದ್ದದ್ದರಿಂದಲೇ ನನಗೆ ಗೊತ್ತಾಯಿತು.

ದೇವರ ಕೋಪದ ಮಾತಿಗೂ ಲೆಕ್ಕವಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ, ಹೀಗೆ ಮತ ಹಾಕದಿದ್ದರೆ ದೇವರ ಅವಕೃಪೆಗೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದು ಅನುಚಿತ ಪ್ರಭಾವ. ಅಭ್ಯರ್ಥಿಯ ಒಪ್ಪಿಗೆಯಿಂದ ಯಾರೇ ಅದನ್ನು ಮಾಡಿದರೂ ಗೆದ್ದ ಚುನಾವಣೆಯೇ ರದ್ದಾಗಬಹುದು. ಐರ್ಲೆಂಡಿನ ಗಾಲ್ವೇಯಲ್ಲಿ 1872ರಲ್ಲಿ ಆದದ್ದು ಇದೇ. ಪಾದ್ರಿಗಳ ಒತ್ತಡದಿಂದ ಬಂದ ಗೆಲುವು ಎಂದು ನ್ಯಾಯಾಧೀಶರು ಗೆದ್ದವನನ್ನು ಇಳಿಸಿದರು. ನಿಮ್ಮ ಪಾಸ್ಟರ್ ತಮ್ಮ ಅಭ್ಯರ್ಥಿಗೆ ಮಾಡುತ್ತಿರುವ ಉಪಕಾರ ಎಂಥದ್ದು ನೋಡಿ.

‘ಅಮೆರಿಕದಲ್ಲೆಲ್ಲ ಮಾಡುತ್ತಾರೆ’ ಎಂದೂ ಯಜಮಾನರು ಹೇಳಿದ್ದಾರಂತೆ. ಅಲ್ಲಿ 1954ರಿಂದ ತೆರಿಗೆ ವಿನಾಯಿತಿ ಪಡೆದ ಚರ್ಚು, ದತ್ತಿ ಸಂಸ್ಥೆಗಳು ಅಭ್ಯರ್ಥಿಗಳ ಪರ ನಿಲ್ಲುವಂತಿಲ್ಲ. 2025ರಲ್ಲಿ ತೆರಿಗೆ ಇಲಾಖೆ, ಆರಾಧನೆಯ ಹೊತ್ತು ಸ್ವಂತ ಸಭೆಗೆ ಆಡಿದ ಮಾತಿಗೆ ಆ ನಿಯಮ ಬರುವುದಿಲ್ಲ ಎಂದು ಕೋರ್ಟಿನ ಮುಂದೆ ನಿಲುವು ತಾಳಿದ್ದು ನಿಜ. ತೆರಿಗೆಯವರು ಬಿಟ್ಟರು ಅಂದಮಾತ್ರಕ್ಕೆ ಪ್ರಸಂಗ ಚೆನ್ನಾಗಾಗುತ್ತದೆಯೇ?

ಇಷ್ಟೆಲ್ಲ ಕಾನೂನು ಹೇಳಿದ್ದು ನೀವು ಠಾಣೆಗೆ ಹೋಗಲಿ ಅಂತಲ್ಲ, ಯಜಮಾನರು ರಾತ್ರಿ ಒಂದು ಸಲ ಮಗ್ಗುಲು ಬದಲಿಸಲಿ ಅಂತ. ಬಿಷಪ್ಪರಿಗೆ ಪತ್ರವೂ ಈಗ ಬೇಡ. ಏಳು ವರ್ಷ ಜೊತೆಗಿದ್ದವರ ಮೇಲೆ, ಅವರ ಮುಖ ನೋಡಿ ಒಂದು ಮಾತು ಹೇಳದೆ, ಮೇಲಿನವರಿಗೆ ಬರೆಯುವುದು ಹೇಡಿತನ. ಸಭೆಯ ವಾಟ್ಸಾಪ್ ಗುಂಪಿನಲ್ಲಂತೂ ಒಂದಕ್ಷರ ಹಾಕಬೇಡಿ. ಆ ಗುಂಪಿನಲ್ಲಿ ಸರಿಹೋದ ಸಂಬಂಧ ಒಂದಾದರೂ ಇದ್ದರೆ ನನಗೆ ತೋರಿಸಿ ಎಂದು ಎಷ್ಟು ಸಲ ಕೇಳಿದ್ದೇನೆ, ಯಾರೂ ತೋರಿಸಿಲ್ಲ. ಸಭೆ ಬಿಡುವುದು ಯಾವಾಗಲೂ ಕೈಯಲ್ಲಿರುವ ದಾರಿ, ಅದಕ್ಕೆ ಅವಸರವಿಲ್ಲ. ಮಗ ಮಲಗಲಿ ಬಿಡಿ. ಮೂವರಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಾಯಿ ಬಿಟ್ಟು ಹೇಳಿದವನು ಅವನೊಬ್ಬನೇ.

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ಅರ್ಧ ಗಂಟೆ ಮುಂಚೆ ಹೋಗಿ. ಪಾಸ್ಟರ್ ನಿಲುವಂಗಿ ಹಾಕಿಕೊಳ್ಳುವ ಕೋಣೆಯ ಬಾಗಿಲು ತಟ್ಟಿ. ಚೀಟಿಯನ್ನು ಮೇಜಿನ ಮೇಲಿಟ್ಟು ಬರಬೇಡಿ, ಕೈಗೇ ಕೊಡಿ. ಹೋದವರ ಹೆಸರು ಎಲ್ಲಕ್ಕಿಂತ ಮೇಲಿರಲಿ. ‘ಅಯ್ಯನವರೇ, ಇವರ ಹೆಸರು ನಾಲ್ಕು ವಾರ ಓದಲಿಲ್ಲ, ಈಗ ಇವರಿಲ್ಲ. ಉಳಿದವರ ಹೆಸರನ್ನು ಇವತ್ತು ಪ್ರಸಂಗಕ್ಕೆ ಮುಂಚೆಯೇ ಓದಿಬಿಡಿ’ ಎನ್ನಿ. ಪಕ್ಷದ ಮಾತು, ಅಭ್ಯರ್ಥಿಯ ಮಾತು, ನಾನು ಹೇಳಿದ ಕಾಯ್ದೆ, ಟುಟು, ಯಾವುದೂ ಬೇಡ. ನಿಮ್ಮ ತಾಯಿಯ ಹಾಸಿಗೆಯ ಪಕ್ಕ ಬೆಳಗಿನವರೆಗೆ ಕೂತಿದ್ದ ಮನುಷ್ಯ ಇನ್ನೂ ಅವರೊಳಗೆ ಎಲ್ಲೋ ಇದ್ದಾರೆ. ನೀವು ಮಾತಾಡಬೇಕಾದ್ದು ಅವರ ಹತ್ತಿರ. ಅಷ್ಟೂ ಹೆಸರು ಗಟ್ಟಿಯಾಗಿ ಓದಿದ ಮೇಲೆ ಅದೇ ಬಾಯಲ್ಲಿ ಚಿಹ್ನೆಯ ಹೆಸರು ಹೇಳುವುದು ಎಷ್ಟು ಕಷ್ಟ ಎನ್ನುವುದು ಅವರಿಗೆ ತಾನಾಗಿ ತಿಳಿಯುತ್ತದೆ.

ಅವರು ಮತ್ತೆ ಮರೆತರೆ? ಪ್ರಸಂಗವಾದ ಮೇಲೆ ಹಾಡಲು ನೀವು ಎದ್ದು ನಿಲ್ಲುತ್ತೀರಲ್ಲ, ಗಾಯನ ತಂಡದ ಎದುರು ಒಂದು ಮೈಕು ಇದ್ದೇ ಇರುತ್ತದೆ. ಹಾಡು ಎತ್ತುವ ಮುಂಚೆ ಇನ್ನೊಂದು ಪ್ರತಿ ತೆಗೆದು ಹೆಸರುಗಳನ್ನು ನೀವೇ ಓದಿ. ಅವತ್ತೊಂದು ದಿನ ಮೈಕಿನ ಬಗ್ಗೆ ನನಗಿರುವ ತಕರಾರನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಚೀಟಿ ದಪ್ಪ ಅಕ್ಷರದಲ್ಲಿರಲಿ. ಶನಿವಾರ ರಾತ್ರಿ ಮಗನ ಕೈಯಲ್ಲೇ ಬರೆಸಿ. ಕನ್ನಡಕ ಮರೆತು ಬಂದೆ ಎನ್ನುವ ನೆಪ ಯಾರಿಗೂ ಸಿಗಬಾರದು.