ಹಸಿರುಗಟ್ಟುವ ಕೆರೆಗೆ ಮೊದಲ ಚಿಕಿತ್ಸೆ ಯಾವುದು?

ಪ್ರಶ್ನೆ: ಯಂತ್ರಗಳಿಂದ ಪಾಚಿ ಮತ್ತು ಕಳೆ ತೆಗೆಸಿದ ಕೆಲವೇ ತಿಂಗಳಲ್ಲಿ ಕೆರೆ ಮತ್ತೆ ಹಸಿರಾಗುತ್ತದೆ. ಕಾರಂಜಿಗಳನ್ನು ಅಳವಡಿಸಿದರೆ ನೀರು ಶುದ್ಧವಾಗುವುದೇ?

ಉತ್ತರ: ಕಾರಂಜಿಯು ನೀರಿಗೆ ಒಂದಿಷ್ಟು ಆಮ್ಲಜನಕವನ್ನು ಬೆರೆಸುವುದರಿಂದ ಮೀನುಗಳಿಗೆ ತಾತ್ಕಾಲಿಕ ಆಸರೆಯಾಗಬಹುದು, ಆದರೆ ಪಾಚಿಯನ್ನು ಪೋಷಿಸುವ ರಂಜಕವನ್ನು (ಫಾಸ್ಫರಸ್) ಅದು ಹೊರಹಾಕಲಾರದು. 1973ರಲ್ಲಿ ಕೆನಡಾದ ವಿಜ್ಞಾನಿಗಳು 226ನೇ ಸಂಖ್ಯೆಯ ಪ್ರಾಯೋಗಿಕ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದಾಗ, ರಂಜಕ ಬಿದ್ದ ಭಾಗವಷ್ಟೇ ದಟ್ಟ ಹಸಿರಾಯಿತು. ಕೊಳಚೆನೀರು, ಸಾಬೂನುಪುಡಿ, ಹೊಲದ ಗೊಬ್ಬರ ಮತ್ತು ಕೊಚ್ಚಿಬರುವ ಮಣ್ಣು ಈ ರಂಜಕದ ಮುಖ್ಯ ಮೂಲಗಳು.

ಆದ್ದರಿಂದ ಹಣವೂ ಶ್ರಮವೂ ಮೊದಲು ಸಲ್ಲಬೇಕಾದದ್ದು ನೀರು ಒಳಬರುವ ಕಾಲುವೆಗಳಿಗೆ. ಸಂಸ್ಕರಣಾ ಘಟಕವೊಂದು ಇದೆಯೆಂದು ನೆಮ್ಮದಿಯಿಂದ ಇರುವಂತಿಲ್ಲ; ಸಾಮಾನ್ಯ ಘಟಕಗಳು ಸಾವಯವ ಕೊಳೆಯನ್ನು ತೆಗೆದರೂ, ರಂಜಕವನ್ನು ಬೇರ್ಪಡಿಸುವ ಪ್ರತ್ಯೇಕ ಹಂತವಿಲ್ಲದಿದ್ದರೆ ಅದರ ಹೆಚ್ಚಿನ ಪಾಲನ್ನು ಹೊರಬಿಡುತ್ತವೆ. ಅಮೆರಿಕದ ಸಿಯಾಟಲ್ ನಗರದ ಬಳಿಯ ವಾಷಿಂಗ್ಟನ್ ಸರೋವರವನ್ನು ಕೆಡಿಸಿದ್ದು ಸಂಸ್ಕರಿಸಿದ ಕೊಳಚೆನೀರೇ. 1963ರಿಂದ 1968ರವರೆಗೆ ಹಂತಹಂತವಾಗಿ ಅದನ್ನು ಬೇರೆಡೆಗೆ ತಿರುಗಿಸಿದ ಬಳಿಕ, ಕೆಲವೇ ವರ್ಷಗಳಲ್ಲಿ ಸರೋವರ ತಿಳಿಯಾಯಿತು.

ಅದು ಆಳವಾದ ಸರೋವರ. ಆಳ ಕಡಿಮೆಯಿರುವ ಕೆರೆಗಳು ಇಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ದಶಕಗಳಿಂದ ತಳದ ಹೂಳಿನಲ್ಲಿ ಸೇರಿಕೊಂಡ ರಂಜಕವು, ತಳದಲ್ಲಿ ಆಮ್ಲಜನಕ ಮುಗಿದಾಗ ತನ್ನನ್ನು ಹಿಡಿದಿಟ್ಟಿದ್ದ ಹೂಳಿನ ಕಬ್ಬಿಣದ ಅಂಶದಿಂದ ಬಿಡುಗಡೆಗೊಂಡು ಮತ್ತೆ ನೀರಿಗೆ ಬರುತ್ತದೆ. ಸ್ವೀಡನ್ನಿನ ಟ್ರುಮ್ಮೆನ್ ಸರೋವರಕ್ಕೆ ಕೊಳಚೆ ಹರಿಯುವುದು ನಿಂತು ಹಲವು ವರ್ಷಗಳಾದರೂ ಸುಧಾರಣೆ ಕಾಣದಿದ್ದಾಗ, 1970–71ರಲ್ಲಿ ಮೇಲ್ಪದರದ ಹೂಳನ್ನು ಹೀರಿ ತೆಗೆಯಬೇಕಾಯಿತು. ಈ ಅನುಕ್ರಮ ಬಹಳ ಮುಖ್ಯ: ಕೊಳಚೆ ನಿಲ್ಲಿಸದೆ ಹೂಳೆತ್ತುವುದು ಸಾರ್ವಜನಿಕ ಹಣದ ದುರ್ವ್ಯಯವೆಂದೇ ನನ್ನ ಖಚಿತ ಅಭಿಪ್ರಾಯ. ಕಳೆ ತೆಗೆಸುವುದು ತಪ್ಪಲ್ಲ, ಆದರೆ ತೆಗೆದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಅದು ಕೊಳೆತು, ಅದರೊಳಗಿನ ಪೋಷಕಾಂಶಗಳು ಮಳೆಯೊಂದಿಗೆ ಕೆರೆಗೇ ಮರಳುತ್ತವೆ.

ಪ್ರಶ್ನೆ: ದಡದ ಸುತ್ತ ಕಲ್ಲು ಕಟ್ಟಿ ನಡಿಗೆ ಪಥ ಮಾಡುವುದು ಕೆರೆಯ ಸಂರಕ್ಷಣೆಯೇ?

ಉತ್ತರ: ಒತ್ತುವರಿ ತಡೆಯಲು ಗಡಿ ಬೇಕು, ನಿಜ. ಆದರೆ ಆ ಗಡಿ ನೀರಿನಂಚಿನಲ್ಲೇ ಇರಬೇಕಾಗಿಲ್ಲ. ಜೊಂಡು ಬೆಳೆಯುವ ತೆಳುನೀರಿನ ಅಂಚೇ ಮಣ್ಣನ್ನು ತಡೆಯುವ, ಪೋಷಕಾಂಶಗಳನ್ನು ಹೀರುವ, ಮೀನುಮರಿಗಳಿಗೆ ಆಶ್ರಯ ಕೊಡುವ ಜಾಗ. ಅಲ್ಲಿ ಕಲ್ಲಿನ ಗೋಡೆ ಎದ್ದರೆ ಇವೆಲ್ಲ ಒಮ್ಮೆಗೇ ಇಲ್ಲವಾಗುತ್ತವೆ. ಪಥವನ್ನು ಈ ಜೌಗು ಅಂಚಿನಿಂದ ಹಿಂದಕ್ಕೆ ಸರಿಸಿ, ನಡುವಿನ ನೆಲವನ್ನು ಹುಲ್ಲು ಮತ್ತು ಪೊದೆಗಳಿಗೆ ಬಿಟ್ಟುಕೊಡುವಂತೆ ಯೋಜನೆಯ ನಕ್ಷೆ ಅಂತಿಮಗೊಳ್ಳುವ ಮೊದಲೇ ಆಡಳಿತವನ್ನು ಒತ್ತಾಯಿಸಿರಿ.